ಮಲಾಡಿನ ಸಾಲಿ

ಮುಂಬೈಗೆ ಬಂದು ಇನ್ನೂ ಟ್ರಂಕಿನೊಳಗಿನ ಬಟ್ಟೆಗಳನ್ನೂ ಪೂರ್ತಿ ತೆಗೆದಿರಲಿಲ್ಲ. ಆಗಲೇ ಒಬ್ಬ ಹೆಂಗಸು ನೀರಿನ ಕೊಡ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಮೇಲೆ ಜಗಳಕ್ಕೆ ಬಂದಳು. ನಾನು ಮಾಡಿದ್ದಿಷ್ಟೇ: ಪಾಠ ಹೇಳುವ ಹೊಸ ಕೆಲಸದ ಮೊದಲ ದಿನ ಚರ್ಚಿನ ಹಿಂದಿನ ಓಣಿಯಲ್ಲಿ ನಿಂತು, ನಮ್ಮ ಗದಗಿನಲ್ಲಿ ಮಕ್ಕಳನ್ನು ಕರೆಯುವ ಹಾಗೆ ಗಂಟಲೇರಿಸಿ, "ಸಾಲಿ ಸುರು ಆತು! ಸಾಲಿ! ಸಾಲಿ!" ಎಂದು ಕೂಗಿದ್ದೆ.

"ಏ, ಸಾಲೀ ಕಿಸ್ಕೋ ಬೋಲ್ತೀ ಹೈ?" ಯಾರನ್ನು ಸಾಲಿ ಅನ್ನುತ್ತೀ ಎಂದು ಆಕೆ ಗುಡುಗಿದಳು.

ನಮ್ಮ ಕಡೆಯವರ ಬಾಯಲ್ಲಿ ಶಾಲೆ ಎಂದರೆ ಸಾಲಿ. ಹಿಂದಿಯಲ್ಲಿ ಸಾಲಿ ಎಂದರೆ ಹೆಂಡತಿಯ ತಂಗಿ. ಬೀದಿಯಲ್ಲಿ ನಿಂತು ಹೆಂಗಸರ ಕಡೆ ಕೂಗಿದರೆ ಅದು ಶುದ್ಧ ಬೈಗುಳ. ನನಗೆ ಆಗ ಇದೊಂದೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಎದುರಿನ ಮನೆಯಿಂದ, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡಿದ್ದ ಇನ್ನೊಬ್ಬಾಕೆ ನಗುತ್ತಾ ಹೊರಗೆ ಬಂದು ದಖನಿ ಉರ್ದುವಿನಲ್ಲಿ ಹೇಳಿದಳು: "ಅರೇ ದೀದಿ, ಗಾಲಿ ನೈ ದಿಯೇ ಇನೋ. ಸಾಲಿ ಬೋಲೇ ತೋ ಹಮಾರೇ ಗಾಂವ್ ಮೇ ಇಸ್ಕೂಲ್!" ಆಮೇಲೆ ನನ್ನ ಕಡೆ ತಿರುಗಿ, "ಅಕ್ಕೋರ, ಇಲ್ಲಿ ಸಾಲಿ ಅನ್ನಬ್ಯಾಡ್ರಿ, ಹೊಡೆತ ಬೀಳ್ತಾವ" ಎಂದಳು. ಬಾಗಲಕೋಟೆ ಕಡೆಯಿಂದ ಬಂದು ಮನೆಯಲ್ಲೇ ಹೊಲಿಗೆ ಮಾಡುವ ಈ ಮಾಬೂಬಿಯೇ ಮುಂಬೈ ನನಗೆ ಕೊಟ್ಟ ಮೊದಲ ಗೆಳತಿ. ಗಾಲಿ ಎಂದರೆ ನಮ್ಮೂರಿನಲ್ಲಿ ಚಕ್ಕಡಿಗೆ ಇರುವುದು, ಇಲ್ಲಿ ಬೈಗುಳ ಎಂಬ ಎರಡನೆಯ ಪಾಠವನ್ನೂ ಅವಳೇ ಕಲಿಸಿದಳು. ಜಗಳಕ್ಕೆ ಬಂದಿದ್ದ ಗೀತಾ ದೀದಿ ಮಾತ್ರ ಬಹಳ ದಿನ ನನ್ನನ್ನು ಕಂಡರೆ ಮುಖ ತಿರುಗಿಸಿಕೊಂಡೇ ಹೋಗುತ್ತಿದ್ದಳು.

ನನ್ನ ಗಂಡನಿಗೆ ವಿಲೆ ಪಾರ್ಲೆಯಲ್ಲಿ, ವಿಮಾನದ ಸಾಮಾನು ಇಳಿಸುವ ಗೋದಾಮಿನಲ್ಲಿ ಕೆಲಸ. ಅದಕ್ಕಾಗಿ ನಾವು ಬಂದದ್ದು. ಮಲಾಡಿನ ಚಾಳಿನಲ್ಲಿ ಸಿಕ್ಕಿದ್ದು ಒಂದೇ ಕೋಣೆ. ಅಡುಗೆ, ಊಟ, ನಿದ್ದೆ, ಪ್ರಾರ್ಥನೆ ಎಲ್ಲ ಅದರೊಳಗೇ. ಗದಗಿನ ನಮ್ಮ ಮನೆಯ ಪಡಸಾಲೆಯೊಂದರಲ್ಲೇ ಇಂಥ ಎರಡು ಮನೆ ಹಿಡಿಸುತ್ತವೆ ಎಂದು ನಾನು ಗೊಣಗಿದಾಗ ಗಂಡ, "ಪಡಸಾಲಿ ಹೊತ್ಕೊಂಡು ಬರಬೇಕಿತ್ತಲ್ಲ" ಎಂದು ಕಾಡಿಸಿದ. ನಾನು ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯ ರಾತ್ರಿಪಾಳಿಯವನ ನಿದ್ದೆ ಕೆಡುತ್ತಿತ್ತು. ದೂರು ಹೇಳಲು ಮೇಲೆ ಹತ್ತಿ ಬಂದವನಿಗೆ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ಅವನು ದೂರನ್ನು ಮರೆತೇಬಿಟ್ಟ. ಅದು ಈ ಊರಿನಲ್ಲಿ ನಾನು ಗೆದ್ದ ಮೊದಲ ಪಂದ್ಯ.

ಭಾನುವಾರಗಳು ಬೇರೆಯೇ. ಊರಿನಲ್ಲಿ ಚರ್ಚಿನ ಗಂಟೆ ಹೊಡೆದರೆ ಅದು ನಮ್ಮದೇ ಗಂಟೆ. ಇಲ್ಲಿ ಒಂದೇ ಚರ್ಚಿನಲ್ಲಿ ಬೆಳಿಗ್ಗೆ ಮರಾಠಿಯವರ ಆರಾಧನೆ, ಆಮೇಲೆ ತಮಿಳಿನವರದು. ಅವರು ಎದ್ದುಹೋದ ಬೆಂಚುಗಳ ಮೇಲೆ ಮಧ್ಯಾಹ್ನ ನಾವು ಕನ್ನಡದವರು. ಹೊಟ್ಟೆ ತುಂಬಿ ಕಣ್ಣು ಎಳೆಯುವ ಹೊತ್ತಿನಲ್ಲಿ ಸ್ತುತಿಗೀತೆ ಹಾಡುವುದು ನನಗೆ ಮೊದಮೊದಲು ಅವಮಾನವೆನಿಸುತ್ತಿತ್ತು. ಈಗ ಬೆಂಚು ಬೆಚ್ಚಗಿದ್ದರೆ ಸಮಾಧಾನ. ನಮಗಿಂತ ಮೊದಲು ಯಾರೋ ಕೂತು ಬೇಡಿಕೊಂಡು ಹೋಗಿದ್ದಾರೆ ಅಂದುಕೊಳ್ಳುತ್ತೇನೆ.

ಆ ಚರ್ಚಿನ ಹಿಂದೆ ಒಂದು ಕೋಣೆ ಇತ್ತು. ಬಡ ದೇಶಗಳಲ್ಲಿ ಶಾಲೆಯ ಕೋಣೆಗಳನ್ನು ಕಟ್ಟಿಸಿ, ಕ್ರೈಸ್ತ ಶಿಕ್ಷಣಕ್ಕೆ ನೆರವಾಗುವ ಪರದೇಶದ ಒಂದು ಸಂಸ್ಥೆ ಅದನ್ನು ಕಟ್ಟಿಸಿತ್ತು. ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದವರ ಮಕ್ಕಳಿಗೆ ಅಲ್ಲಿ ಓದು ಬರಹ ಕಲಿಸಿ ಮುಂದೆ ಮುನಿಸಿಪಾಲಿಟಿ ಶಾಲೆಗೆ ಸೇರಿಸುವುದು ನನ್ನ ಕೆಲಸ. ಮೊದಲು ಪ್ರಾರ್ಥನೆ, ಒಂದು ಬೈಬಲ್ ಕಥೆ, ಆಮೇಲೆ ಕಾಗುಣಿತ. ನನ್ನ ಅಜ್ಜಿ ಓದಲು ಕಲಿತದ್ದೂ ಹೀಗೆಯೇ, ಮುಖ ಕಾಣದ ಜನ ಸಮುದ್ರದಾಚೆಯಿಂದ ಕಳಿಸಿದ ನೆರವಿನಲ್ಲಿ ಎದ್ದ ಗೋಡೆಗಳ ನಡುವೆ. ಅವಳು ಓದದಿದ್ದರೆ ಅಮ್ಮ ಓದುತ್ತಿರಲಿಲ್ಲ, ನಾನೂ ಓದುತ್ತಿರಲಿಲ್ಲ. ಆ ಜನರಿಗೆ ನಾನು ಎಂದೂ ಧನ್ಯವಾದ ಹೇಳಿಲ್ಲ, ಹೇಳಲು ಅವರು ಸಿಕ್ಕಲೂ ಇಲ್ಲ. ಹಾಗಾಗಿ ಈ ಕೋಣೆಯ ಕಸ ಗುಡಿಸುವಾಗಲೂ ನನಗೆ ಖುಷಿಯೇ.

ಆದರೆ ಕೋಣೆ ತುಂಬಿ ತುಳುಕಿತು. ಬಾಗಿಲ ಹೊರಗೂ ಮಕ್ಕಳು ಕೂರತೊಡಗಿದರು. ಸಂಸ್ಥೆಯ ಮುಂಬೈ ವ್ಯವಹಾರ ನೋಡಿಕೊಳ್ಳುವವರು ಪವಾಯಿಯ ಫ್ರಾನ್ಸಿಸ್ ಸರ್. ಒಳ್ಳೆಯವರು, ಆದರೆ ಯಾವಾಗಲೂ ಗಾಬರಿಯಲ್ಲೇ ಇರುವವರು. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಪರದೇಶದಿಂದ ಮಾರ್ಗರೆಟ್ ಎಂಬವರು ನೋಡಲು ಬರುತ್ತಾರೆ, ಅವರಿಗೆ ಮೆಚ್ಚುಗೆಯಾದರೆ ಮೇಲೊಂದು ಕೋಣೆ ಬರುತ್ತದೆ. ಆಗದಿದ್ದರೆ ಇರುವ ಜಾಗ ಮೊದಲು ಚರ್ಚಿನ ಸಭೆಯ ಮಕ್ಕಳಿಗೆ, ಪ್ರಾರ್ಥನೆಗೆ ಕೂರದವರನ್ನು ಬಿಡಿಸಬೇಕಾಗುತ್ತದೆ.

ಪ್ರಾರ್ಥನೆಯ ಹೊತ್ತಿನಲ್ಲಿ ಹೊರಗೆ ನಿಂತಿದ್ದು ಕಥೆಯ ಹೊತ್ತಿಗೆ ಓಡಿಬರುವವಳು ಮಾಬೂಬಿಯ ಮಗಳು ಶಿರೀನ್. ನನ್ನ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಓದಲು ಕಲಿತವಳು. ಓಣಿಯಲ್ಲಿ ಸುದ್ದಿ ನಿಲ್ಲುತ್ತದೆಯೇ? ಅಂದೇ ಸಂಜೆ ಮಾಬೂಬಿ ನಮ್ಮ ಬಾಗಿಲಲ್ಲಿ ನಿಂತು, "ಅಕ್ಕೋರ, ಖರೇ ಹೇಳ್ರಿ. ನನ್ನ ಮಗಳು ಇರ್ತಾಳೋ ಇಲ್ಲೋ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಅವಳು ಚಹಾ ಸಹ ಕುಡಿಯದೆ ಹೊರಟುಹೋದಳು.

ಮಾರ್ಗರೆಟ್ ಬರುವ ದಿನ ಹತ್ತಿರವಾದಂತೆ ನಾನು ಮಕ್ಕಳಿಗೆ ತಯಾರಿ ಮಾಡಿಸಿದೆ. ಅವರ ಬಟ್ಟೆಗಿಂತ ನನಗೆ ಅವರ ಬಾಯಿಯದೇ ಚಿಂತೆ. "ಬಂದವ್ರ ಮುಂದ ಸಾಲಿ ಅಂದೀರಿ ಜ್ವಾಕಿ. ಇಸ್ಕೂಲ್ ಅನ್ರಿ" ಎಂದು ಗಿಳಿಗೆ ಹೇಳಿದ ಹಾಗೆ ಹೇಳಿದೆ.

ಅವರು ಬಂದರು. ಬಿಳಿಗೂದಲಿನ ಮುದುಕಿ, ಒಂದು ಕಾಲದಲ್ಲಿ ತಾವೂ ಶಿಕ್ಷಕಿಯಾಗಿದ್ದವರು. ಕುರ್ಚಿ ಇಟ್ಟಿದ್ದರೂ ಚಾಪೆಯ ಮೇಲೆ ಕೂತರು. ಬಾಗಿಲಲ್ಲಿ ತಾಯಂದಿರೆಲ್ಲ ನಿಂತಿದ್ದರು. ಮುಂದಿನ ಸಾಲಿನಲ್ಲಿದ್ದ ಶಿರೀನಳನ್ನು ನೋಡಿ ಮಾರ್ಗರೆಟ್ ಇಂಗ್ಲಿಷಿನಲ್ಲಿ ಏನೋ ಕೇಳಿದರು, ಫ್ರಾನ್ಸಿಸ್ ಸರ್ ಅದನ್ನು ಹಿಂದಿಗೆ ತಿರುಗಿಸಿದರು: "ಬೇಟಾ, ಇಸ್ ಜಗಹ್ ಕೋ ಕ್ಯಾ ಬೋಲ್ತೇ ಹೋ?" ಈ ಜಾಗಕ್ಕೆ ಏನನ್ನುತ್ತೀರಿ?

ಶಿರೀನ್ ನನ್ನ ಮುಖ ನೋಡಿದಳು, ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಕೂಗಿದಳು: "ಸಾಲೀ!"

ಮುಂದಿನವರು ಹೇಳಿದ್ದನ್ನು ಉಳಿದವರು ಒಟ್ಟಿಗೆ ಹೇಳಬೇಕೆಂದು ಪಾಠ ಕಲಿಸಿದವಳು ನಾನೇ. ಇಡೀ ಕೋಣೆ ಒಂದೇ ದನಿಯಲ್ಲಿ ಅತಿಥಿಯ ಮುಖಕ್ಕೆ, "ಸಾಲೀ!" ಎಂದಿತು.

ಫ್ರಾನ್ಸಿಸ್ ಸರ್ ಬಿಳುಚಿಕೊಂಡರು. "ಟೀಚರ್, ಯೇ ಕ್ಯಾ ಸಿಖಾಯಾ ಹೈ ಆಪ್ನೇ?" ಎಂದರು, ಇದೇನು ಕಲಿಸಿದ್ದೀರಿ ಎಂದು. ಮಾರ್ಗರೆಟ್ ಅರ್ಥ ಕೇಳಿದರು. ಸರ್ ತಡವರಿಸುತ್ತಾ, ಹೆಂಡತಿಯ ತಂಗಿ ಎಂದುಬಿಟ್ಟರು. ತಾವು ಕಟ್ಟಿಸಿದ ಕೋಣೆಯನ್ನು ಈ ಮಕ್ಕಳು ಯಾಕೆ ಹೆಂಡತಿಯ ತಂಗಿ ಎನ್ನುತ್ತಾರೆಂದು ಆ ತಾಯಿ ಕಣ್ಣರಳಿಸಿ ನೋಡಿದರು. ಬಾಗಿಲಿನಿಂದ ಮಾಬೂಬಿಯೇ ಕೂಗಿದಳು: "ಗಾಲಿ ನೈ ಸಾಬ್, ಗಾಲಿ ನೈ! ಸಾಲಿ ಬೋಲೇ ತೋ ಇಸ್ಕೂಲ್!" ನಾನೂ ಮುಂದೆ ಬಂದೆ. ಅರ್ಧಂಬರ್ಧ ಇಂಗ್ಲಿಷಿನಲ್ಲಿ ಎಲ್ಲವನ್ನೂ, ನಾನು ಓಣಿಯಲ್ಲಿ ಬೈಸಿಕೊಂಡ ಕಥೆಯನ್ನೂ ಸೇರಿಸಿ ಹೇಳಿದೆ. ಮಾರ್ಗರೆಟ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೊನೆಗೆ ಫ್ರಾನ್ಸಿಸ್ ಸರ್ ಸಹ ನಕ್ಕರು.

ನಗು ನಿಂತ ಮೇಲೆ ಮಾರ್ಗರೆಟ್ ಮಾಬೂಬಿಯನ್ನು ಒಳಗೆ ಕರೆದು ಕೂರಿಸಿ, ಮಗಳು ಬೈಬಲ್ ಕಥೆ ಕೇಳುವುದು ನಿಮಗೆ ಸರಿಯೇ ಎಂದು ನನ್ನ ಮೂಲಕ ಕೇಳಿದರು.

"ಹೇಳ್ರಿ ಅಕ್ಕೋರ ಆಕೀಗೆ," ಎಂದಳು ಮಾಬೂಬಿ. "ಯೂಸುಫನ್ನ ಅವನ ಅಣ್ಣಗೋಳು ಬಾವ್ಯಾಗ ಒಗದ ಕಥಿ ನಿಮ್ಮ ಬೈಬಲ್‌ದಾಗ ಇದ್ದಂಗ ನಮ್ಮ ಮನ್ಯಾಗೂ ಐತಿ. ಶಿರೀನ್ ಇಲ್ಲಿ ಕೇಳಿದ್ದು ನನಗ ಹೇಳ್ತಾಳ, ನಾ ನಮ್ಮದು ಆಕೀಗೆ ಹೇಳ್ತೇನಿ. ತಕರಾರಿಲ್ಲ. ಆದ್ರ ಪ್ರಾರ್ಥನಾಕ್ಕ ಕುಂದರಲಿಲ್ಲಂತ ಹೊರಗ ಹಾಕಬ್ಯಾಡ್ರಿ. ಸಾಲಿ ಬಿಟ್ರ ನಾಳಿಂದ ನನ್ನ ಮಿಶನ್ ಮುಂದ ಕುಂದರತಾಳ. ನನ್ನ ಹಂಗ ಆಗೂದು ಬ್ಯಾಡ."

ಮಿಶನ್ ಎಂದದ್ದು ಕಿವಿಗೆ ಬಿದ್ದು ಮಾರ್ಗರೆಟ್ ಮುಖ ಅರಳಿತು. ಅದು ನೀವಂದುಕೊಂಡ ಮಿಶನ್ ಅಲ್ಲ, ಹೊಲಿಗೆಯ ಯಂತ್ರ ಎಂದು ಬಿಡಿಸಿ ಹೇಳಿದೆ. ಉಳಿದದ್ದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದೆ. ಅವರು ಶಿರೀನಳ ತಲೆಯ ಮೇಲೆ ಕೈಯಿಟ್ಟು ಹೇಳಿದ ಮಾತಿನ ಸಾರ ಇಷ್ಟು: ಪ್ರಾರ್ಥನೆ ಮನಸ್ಸಿದ್ದವರಿಗೆ, ಕಥೆ ಎಲ್ಲರಿಗೂ, ಯಾವ ಮಗುವನ್ನೂ ಎಬ್ಬಿಸಿ ಕಳಿಸಬೇಡಿ, ಮೇಲಿನ ಕೋಣೆಗಾಗಿ ನಾನು ನಮ್ಮವರನ್ನು ಕೇಳುತ್ತೇನೆ. ಮಾಬೂಬಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಮಾತ್ರ ಮುಚ್ಚಿಕೊಳ್ಳದೆ ಎಲ್ಲರೆದುರು ಅತ್ತೆ.

ಮಳೆಗಾಲ ಮುಗಿಯುತ್ತಲೇ ಮೇಲಿನ ಕೋಣೆಯ ಕೆಲಸ ಶುರುವಾಯಿತು. ಊರ ಮಂದಿಗೆಲ್ಲ ಮುಗಿಲೆತ್ತರದ ಬಿಲ್ಡಿಂಗ್ ಕಟ್ಟುವ ಅಪ್ಪಂದಿರು ತಮ್ಮ ಮಕ್ಕಳ ಕೋಣೆಗೂ ಗಾರೆ ಹಾಕಿದರು. ಶಿರೀನ್ ಈಗ ಮುನಿಸಿಪಾಲಿಟಿ ಶಾಲೆಗೆ ಹೋಗುತ್ತಾಳೆ. ಸಂಜೆ ನಮ್ಮಲ್ಲಿಗೆ ಬಂದು ಸಣ್ಣವರಿಗೆ ಕಥೆ ಓದಿ ಹೇಳುತ್ತಾಳೆ. ಆ ಕೋಣೆಯ ಮೆಟ್ಟಿಲು ಹತ್ತುವಾಗಲೆಲ್ಲ ನಾನು ದೇವರಿಗೆ ಸ್ತೋತ್ರ ಹೇಳುತ್ತೇನೆ.

ಮೊನ್ನೆ ತಮ್ಮನ ಕೂಸಿನ ದೀಕ್ಷಾಸ್ನಾನಕ್ಕೆ ಗದಗಿಗೆ ಹೋಗಿದ್ದೆ. ಬೆಳಿಗ್ಗೆ ಅವನ ದೊಡ್ಡ ಮಗಳು ಚೀಲ ಹೆಗಲಿಗೇರಿಸಿ ಹೊರಟಿದ್ದಳು. "ಇಸ್ಕೂಲಿಗೆ ಹೊತ್ತಾತಲ್ಲೇ, ಲಗೂ ಹೋಗು" ಎಂದೆ. ಅಕ್ಕಿ ಆರಿಸುತ್ತಿದ್ದ ಅಮ್ಮ ತಲೆಯೆತ್ತಿದಳು. "ಸಾಲಿ ಅನ್ನಾಕ ಏನಾಗೇತಿ ನಿನಗ? ಮುಂಬೈದಾಕಿ ಆಗಿಬಿಟ್ಟಿ ನೋಡು" ಎಂದು ನಕ್ಕಳು. ನಾನೂ ನಕ್ಕೆ. ಆದರೆ ನೋವಾಯಿತು. ಸಾಲಿ ಎಂದು ಹೇಳಿ ನೋಡೋಣವೆಂದುಕೊಂಡವಳು, ಹೇಳುವ ಮೊದಲು ಯಾರಾದರೂ ಕೇಳಿಸಿಕೊಂಡಾರೆಂದು ಸುತ್ತ ನೋಡಿದೆ. ನನ್ನ ಅಮ್ಮನ ಅಂಗಳದಲ್ಲಿ ನಿಂತು!

ಮಲಾಡಿಗೆ ಮರಳಿದ ಮರುದಿನ ಬೆಳಿಗ್ಗೆ ಓಣಿಯಲ್ಲಿ ಬೀಗದ ಕೈ ಹಿಡಿದು ಹೋಗುತ್ತಿದ್ದೆ. ನಳದ ಹತ್ತಿರ ಗೀತಾ ದೀದಿ ನಿಂತಿದ್ದಳು. ಅಂದು ಜಗಳಕ್ಕೆ ಬಂದಿದ್ದವಳೇ. ಮೇಲಿನ ಕೋಣೆ ಆದಮೇಲೆ ಮೊಮ್ಮಗಳನ್ನು ನಮ್ಮಲ್ಲಿಗೇ ಕಳಿಸುತ್ತಾಳೆ. ಕೊಡ ತುಂಬುತ್ತಲೇ ನನ್ನನ್ನು ನೋಡಿ, ಓಣಿಗೆಲ್ಲ ಕೇಳುವಂತೆ ಕೂಗಿದಳು:

"ಟೀಚರ್, ಆಜ್ ಸಾಲಿ ಹೈ ಕ್ಯಾ?"

ನಾನು ಹಿಂದಿ ಮರೆತುಬಿಟ್ಟೆ. "ಐತಿ ದೀದಿ," ಎಂದು ಗದಗಿನ ಗಂಟಲಿನಲ್ಲೇ ಕೂಗಿದೆ, "ಇವತ್ತ ಸಾಲಿ ಐತಿ!"

ಅವಳಿಗೆ ಅರ್ಥವಾಯಿತು. ಕೊಡವನ್ನು ಅಲ್ಲೇ ಬಿಟ್ಟು, ಮೊಮ್ಮಗಳನ್ನು ಎಬ್ಬಿಸಲು ಒಳಗೆ ಓಡಿದಳು.