ಧನ್ಯವಾದದ ಪಟ್ಟಿಯಲ್ಲಿ ನಾನಿರಲಿಲ್ಲ

ಅಂಚು ಮುಕ್ಕಾದ ಪಿಂಗಾಣಿ ತಟ್ಟೆಯೊಂದಕ್ಕೆ ಅಡುಗೆಮನೆಯಿಂದ ಬಡ್ತಿ ಕೊಟ್ಟು, ನಾನು ಅದನ್ನು ಬಣ್ಣ ಕಲಸಲು ಇಟ್ಟುಕೊಂಡಿದ್ದೇನೆ. ವಿಮಾ ಕಚೇರಿಯ ವರ್ಗಾವಣೆಯಲ್ಲಿ ಮೈಸೂರಿನಿಂದ ಅಹಮದಾಬಾದಿಗೆ ಬಂದ ಮೇಲೆ, ಭಾನುವಾರ ಬೆಳಿಗ್ಗೆ ವಸ್ತ್ರಾಪುರದ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಈ ತಟ್ಟೆ ಹಿಡಿದು ಕೂತರೆ ನಾನು ಅಧಿಕಾರಿಯೂ ಅಲ್ಲ, ಯಾರ ಅಮ್ಮನೂ ಅಲ್ಲ. ಜಲವರ್ಣದ ಹುಚ್ಚು ಹತ್ತಿದ ಬರಿಯ ಸುಮಿತ್ರಾ. ಬಿಡಿಸಿದ್ದನ್ನು ಅಂತರ್ಜಾಲದ ಚಿತ್ರಕಾರರ ಬಳಗವೊಂದಕ್ಕೆ ಹಾಕುತ್ತೇನೆ.

ಆ ಬಳಗದ ಮರ್ಯಾದೆಗಳು, ಗೆಳೆಯರೇ, ನಮ್ಮ ಮದುವೆಮನೆಯ ಮರ್ಯಾದೆಗಳಿಗಿಂತ ನಾಜೂಕು. ಮೆಚ್ಚಿದವರಿಗೆಲ್ಲ ಹೆಸರು ಹಿಡಿದು ಧನ್ಯವಾದ ಹೇಳಬೇಕು; ಒಬ್ಬರಿಗೆ ಹೂಗುಚ್ಛವಿಟ್ಟು ಇನ್ನೊಬ್ಬರಿಗೆ ಬರಿದೇ ಕೈಮುಗಿದ ಚಿಹ್ನೆ ಹಾಕಿದರೆ ಅವರು ನೊಂದುಕೊಳ್ಳುತ್ತಾರೆ; ಯಾರಿಂದ ಕಲಿತೆವೋ ಅವರ ಹೆಸರು ಎಲ್ಲಕ್ಕಿಂತ ಮೊದಲು ಬರಬೇಕು. ಈ ಕೊನೆಯ ನಿಯಮ ನನಗೆ ಬಲು ಪ್ರಿಯ. ಕಲಿಸುವ ಚಟವಿರುವವರಿಗೆಲ್ಲ ಪ್ರಿಯವೇ ಇರಬೇಕು.

ಪಲ್ಲವಿ ಸಿಕ್ಕಿದ್ದು ಅಲ್ಲೇ. ಹುಬ್ಬಳ್ಳಿಯ ಹುಡುಗಿ, ಸೂರತ್ತಿನ ಹಜೀರಾದಲ್ಲಿ ಕಾರ್ಖಾನೆಯೊಂದರ ಇಂಜಿನಿಯರು. ಇಡೀ ಬಳಗದಲ್ಲಿ ಕನ್ನಡದವರು ನಾವಿಬ್ಬರೇ.

"ಅಕ್ಕಾರ, ನೀರು ಹಿಂಗ ಹೊಳಿಯೂದು ಹ್ಯಾಂಗ್ರಿ? ನನಗೂ ಹೇಳಿಕೊಡ್ರಿ" ಎಂದಳು. ಮೂರು ತಿಂಗಳ ಭಾನುವಾರಗಳನ್ನು ಅವಳಿಗೆ ಕೊಟ್ಟು, ವಿಡಿಯೋ ಕರೆಯಲ್ಲಿ ಹೇಳಿಕೊಟ್ಟೆ: ಬೆಳಕನ್ನು ಬಳಿಯೋಕೆ ಆಗಲ್ಲ ಕಣೇ, ಅದಕ್ಕೆ ಕಾಗದದ ಬಿಳುಪನ್ನೇ ಬಿಟ್ಟುಕೊಡಬೇಕು. ಬಿಟ್ಟುಕೊಡುವುದನ್ನು ಕಾಗದದ ಮೇಲೆ ಮಾತ್ರ ಬಲ್ಲವಳು ನಾನೆಂದು ಆಗ ಗೊತ್ತಿರಲಿಲ್ಲ.

ಮಳೆ ನಿಂತ ಒಂದು ಬೆಳಿಗ್ಗೆ ಅವಳು ತನ್ನ ಕಾಲೊನಿಯ ರಸ್ತೆಯ ಹೊಂಡವನ್ನು ಬರೆದಳು. ಕೆಸರುನೀರಿನಲ್ಲಿ ಕಾರ್ಖಾನೆಯ ಹೊಗೆಕೊಳವೆಗಳು ತಲೆಕೆಳಗಾಗಿ ನಡುಗುತ್ತಿದ್ದವು. ನನ್ನ ಕೆರೆಯ ಚಿತ್ರ ಒಂಬತ್ತು ಮೆಚ್ಚುಗೆಗೆ ಸುಸ್ತಾಗಿ ಕೂತಿದ್ದ ವಾರವೇ ಅವಳ ಹೊಂಡಕ್ಕೆ ಬಳಗವೆಲ್ಲ ಮುಗಿಬಿತ್ತು. ತಪ್ಪು ಹುಡುಕಲು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಹಿಗ್ಗಿದ್ದು ಚಿತ್ರ, ಕುಗ್ಗಿದ್ದು ನಾನು. ತಪ್ಪಿರಲಿಲ್ಲ. ಕೆಸರುನೀರಿನ ಆ ತುಕ್ಕುಗೆಂಪು ನನ್ನ ಕುಂಚಕ್ಕೆ ಒಮ್ಮೆಯೂ ಒಲಿದದ್ದಲ್ಲ.

ಆಮೇಲೆ ಅವಳ ಧನ್ಯವಾದದ ಪಟ್ಟಿಗೆ ಹೋದೆ. ಬರಿದೇ "ವಾಹ್" ಎಂದವರಿಗೂ ಹೆಸರು ಹಿಡಿದು ವಂದನೆ. ನನ್ನ ಹೆಸರು ಎಲ್ಲೂ ಇರಲಿಲ್ಲ. ಎದೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಯಿತು. ಸಂಜೆಯವರೆಗೂ ತಡೆದು, ಎಲ್ಲರಿಗೂ ಅರ್ಥವಾಗಲೆಂದೇ ಇಂಗ್ಲಿಷಿನಲ್ಲಿ ಬರೆದೆ: "ನೀರು ಸೊಗಸಾಗಿದೆ. ಈ ಕ್ರಮವನ್ನು ಎಲ್ಲಿ ಕಲಿತಿರೆಂದು ತಿಳಿಸಿದರೆ ಬಳಗಕ್ಕೆ ಉಪಕಾರವಾದೀತು."

ಹತ್ತು ನಿಮಿಷದಲ್ಲಿ ಫೋನು ಬಂತು.

"ಅಕ್ಕಾರ, ಸಿಟ್ಟಾಗೀರೇನು?" ಅವಳ ದನಿ ಸಣ್ಣಗಾಗಿತ್ತು. "ಅವರೆಲ್ಲಾ ಹೊರಗಿನವರು, ಅದಕ್ಕ ಹೇಳಿದೆ. ನಿಮಗ ಹ್ಯಾಂಗ ಹೇಳ್ಲಿ? ಅವ್ವಗ ಯಾರರ ಥ್ಯಾಂಕ್ಸ್ ಅಂತಾರೇನ್ರಿ? ಇದಕ್ಕ ಫ್ರೇಮ್ ಹಾಕಿಸಿ, ದೀಪಾವಳಿ ರಜಾಕ್ಕ ನಿಮ್ಮನಿಗೆ ತರಬೇಕಂತ ಮಾಡಿದ್ದೆ."

"ಅಯ್ಯೋ, ತಮಾಷೆಗೆ ಬರೆದೆ ಕಣೇ" ಎಂದೆ. ಸುಳ್ಳು ಅವಳಿಗೂ ಕೇಳಿಸಿರಬೇಕು.

ಫೋನಿಟ್ಟ ಕೂಡಲೇ ಚಿತ್ರದ ಕೆಳಗೆ ಮೊದಲ ಸಾಲಿನಲ್ಲೇ ನನ್ನ ಹೆಸರು ಬಂತು, ಗುರು ಎಂಬ ಪದದ ಸಮೇತ. ಬೇಡಿ ಪಡೆದ ಪ್ರಸಾದದಂತೆ ಅದನ್ನು ನೋಡುತ್ತ ಕೂತಿರುವಾಗಲೇ, ವಡೋದರದ ಮಂಜಲ್‌ಪುರದ ನಿವೃತ್ತ ಹಿರಿಯರೊಬ್ಬರು, ಬಳಗದಲ್ಲಿ ಯಾರನ್ನೂ ಹೊಗಳದೆ ಬಿಡದವರು, ಅದರ ಕೆಳಗೆ ಬರೆದರು: "ಗುರುವನ್ನೇ ಮೀರಿಸಿದ ಶಿಷ್ಯೆ!" ಹನ್ನೊಂದು ಜನ ಅದಕ್ಕೆ ಹೃದಯ ಒತ್ತಿದರು. ಬಳಗದ ಮರ್ಯಾದೆ ಬಿಡಲಾದೀತೇ? ಆ ಹಿರಿಯರಿಗೆ ಹೆಸರು ಹಿಡಿದು ಧನ್ಯವಾದ ಹೇಳಿದೆ. ಹೂಗುಚ್ಛವನ್ನೂ ಇಟ್ಟೆ.

ಮುಂದಿನ ಭಾನುವಾರವೂ ಪಲ್ಲವಿ ಸಮಯಕ್ಕೆ ಸರಿಯಾಗಿ ಕರೆ ಮಾಡಿದಳು. ಮೋಡಗಳ ಬಗ್ಗೆ ಕೇಳಿದಳು, ಹೇಳಿದೆ. ಫ್ರೇಮಿನ ಮಾತು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ಕ್ಯಾಮೆರಾದ ಕಡೆ ನೇರವಾಗಿ ನೋಡಿ, ಎರಡೂ ಕೈ ಜೋಡಿಸಿ, ಬಲು ಅಚ್ಚುಕಟ್ಟಾಗಿ ಅಂದಳು: "ಥ್ಯಾಂಕ್ಯೂ ವೆರಿ ಮಚ್, ಸುಮಿತ್ರಾ ಮೇಡಂ."