ಯಾವಾಗಲೂ ಇದರಲ್ಲೇ ತೆರೆಯಲಿ

ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ನೆಲಮಾಳಿಗೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ನಂಬರು ಅಂಟಿಸುತ್ತಾ, ನಂಬರು ಕೂಗುತ್ತಾ, ನಂಬರು ನೋಡಿ ರಿಪೋರ್ಟು ಹೊಡೆಯುತ್ತಾ ಬಂದವಳು. ಹಾಗಾಗಿ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವಾಕೆಯವರೆಗೆ ಎಲ್ಲರಿಗೂ ಅವಳು ನಂಬರಕ್ಕ. ಕೋಪ ಮೂಗಿನ ತುದಿಯಲ್ಲೇ. "ಸಾಲಲ್ಲಿ ನಿಲ್ರೀ, ನಿಮ್ಮ ರಕ್ತ ಏನು ಓಡಿಹೋಗುತ್ತಾ?" ಎಂದು ಗದರುವವಳು, ಮರುಗಳಿಗೆಯಲ್ಲೇ ಕಾಲು ನಡುಗುವ ಯಾರಿಗೋ ತನ್ನ ಕುರ್ಚಿ ಕೊಟ್ಟು ತಾನು ನಿಂತಿರುವಳು. ಆ ಮರುಕವೇ ಅವಳಿಗೆ ಮುಳುವಾಯಿತು ಅಂತ ನಾನು ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಆದರೆ ನಡೆದದ್ದು ಹಾಗೇ.

ಆ ಲ್ಯಾಬಿಗೆ ಒಂದು ಹಳೆಯ ಪದ್ಧತಿ. ದಿನಾ ಬೆಳಿಗ್ಗೆ ನಂಬರು ಒಂದರಿಂದ ಶುರು. ಹೊರಗಿನಿಂದ ನಡೆದು ಬಂದವರಿಗೆ ಬರೀ ಒಂದು, ಎರಡು, ಮೂರು. ಮೇಲೆ ವಾರ್ಡಿನಲ್ಲಿ ಮಲಗಿರುವವರ ರಕ್ತವಾದರೆ ನಂಬರಿನ ಮುಂದೆ ಒಂದು ಸೊನ್ನೆ. ಸೊನ್ನೆ ಒಂದು, ಸೊನ್ನೆ ಎರಡು. ಲ್ಯಾಬು ಕಟ್ಟಿದ ಹಳೆಯ ಡಾಕ್ಟರು ಹಾಕಿಕೊಟ್ಟ ಪಾಠ ಅದು. ಅವರು ಹೋಗಿ ಎಷ್ಟೋ ವರ್ಷವಾಯಿತು, ಸೊನ್ನೆ ಉಳಿಯಿತು. ನಂಬರಕ್ಕ ರಕ್ತದ ಟ್ಯೂಬುಗಳನ್ನು ಸಾಲಾಗಿ ಯಂತ್ರಕ್ಕೆ ಇಡುತ್ತಾಳೆ. ಮೊದಲು ವಾರ್ಡಿನವು, ಆಮೇಲೆ ಹೊರಗಿನವು. ಯಂತ್ರ ಗುರುಗುಟ್ಟುತ್ತಾ ಅರ್ಧ ಗಂಟೆ ತಿಂದು, ಕಂಪ್ಯೂಟರಿಗೆ ಒಂದು ಫೈಲು ಕಳಿಸುತ್ತದೆ. ಅದರಲ್ಲಿ ಹೆಸರಿಲ್ಲ, ಬರೀ ನಂಬರು ಮತ್ತು ಫಲಿತಾಂಶ. ಯಾವ ನಂಬರು ಯಾರದ್ದು ಎಂಬುದು ನಂಬರಕ್ಕನ ನೋಟ್‌ಬುಕ್ಕಿನಲ್ಲಿ. ಎರಡನ್ನೂ ಸರಿಹೊಂದಿಸಿ ರಿಪೋರ್ಟು ಹೊಡೆಯುವುದು ಅವಳ ಕೆಲಸ.

ಈ ಫೈಲು ಮೊದಲು ಬರೀ ಅಕ್ಷರ ತೋರಿಸುವ ಒಂದು ಬಡಪಾಯಿ ಪ್ರೋಗ್ರಾಮಿನಲ್ಲಿ ತೆರೆಯುತ್ತಿತ್ತು. ಗೆರೆಯಿಲ್ಲ, ಮನೆಯಿಲ್ಲ. ಅಂಕಿ, ಅಲ್ಪವಿರಾಮ, ಅಂಕಿ, ಅಲ್ಪವಿರಾಮ, ಹೀಗೆ ಇರುವೆ ಸಾಲು. ಅವಳು ಪರದೆಯ ಗಾಜಿನ ಮೇಲೆ ಬೆರಳಿಟ್ಟು ಓದಿಕೊಂಡು ಹೋಗುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಒಂದು ತಪ್ಪಿಲ್ಲ. "ನಮ್ಮ ನಂಬರಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರ್ತಾರೆ" ಎಂದು ಲ್ಯಾಬಿನ ಡಾಕ್ಟರಮ್ಮ ಬಂದವರ ಮುಂದೆಲ್ಲ ಹೊಗಳುತ್ತಿದ್ದರು.

ಆ ಕಣ್ಣಿಗೇ ಪೊರೆ ಬರತೊಡಗಿತ್ತು. ಎರಡೂ ಕಣ್ಣಿಗೆ. ಬೆಳಿಗ್ಗೆ ಎದ್ದರೆ ಲೋಕವೆಲ್ಲ ಹಬೆ ಹಿಡಿದ ಕಿಟಕಿ. ಅವಳು ಯಾರಿಗೂ ಹೇಳಲಿಲ್ಲ. ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದಾಕೆಗೆ ಕೈ ನಡುಕ ಬಂದಾಗ ಒಂದು ಶಾಲು ಹೊದಿಸಿ ಮನೆಗೆ ಕಳಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಗಂಡ ತೀರಿಕೊಂಡ ಮೇಲೆ ಅವಳ ಬದುಕಿಗೆ ಉಳಿದದ್ದು ಎರಡೇ: ಪಕ್ಕದ ಬೀದಿಯಲ್ಲಿರುವ ಅಕ್ಕನ ಮನೆ, ಮತ್ತು ಈ ಕುರ್ಚಿ. ಕುರ್ಚಿ ಹೋದರೆ ಇಡೀ ದಿನ ಗೋಡೆ ನೋಡಿಕೊಂಡು ಕೂರಬೇಕಲ್ಲ ಎಂದು ಅವಳಿಗೆ ಪ್ರಾಣಭಯ.

ಪ್ರಿಂಟರು ಸರಿಮಾಡಲು ಬಂದ ಕಂಪ್ಯೂಟರ್ ರಿಪೇರಿಯವನನ್ನು ಒಂದು ಸೋಮವಾರ ಮೆಲ್ಲಗೆ ಕೇಳಿದಳು. "ಈ ಫೈಲು ಸ್ವಲ್ಪ ದೊಡ್ಡದಾಗಿ ಕಾಣೋ ಹಾಗೆ ಮಾಡೋಕಾಗುತ್ತಾ?"

ಅವನು ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. "ಅಯ್ಯೋ ಅಕ್ಕಾ, ಇದನ್ನ ಯಾರಾದ್ರೂ ಇದರಲ್ಲಿ ತೆಗೀತಾರಾ? ಹೀಗೆ ಬನ್ನಿ." ಫೈಲಿನ ಮೇಲೆ ಮೌಸಿನ ಬಲಗಡೆ ಗುಂಡಿ ಒತ್ತಿದ. ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರು ಪಟ್ಟಿ ಕೊಟ್ಟಿತು. ಲೆಕ್ಕದ ಹಾಳೆಯ ಪ್ರೋಗ್ರಾಮನ್ನು ಆರಿಸಿದ. ಕೆಳಗೊಂದು ಪುಟ್ಟ ಚೌಕ. ಯಾವಾಗಲೂ ಇದರಲ್ಲೇ ತೆರೆಯಲಿ ಎಂಬುದಕ್ಕೆ. ಅದಕ್ಕೆ ಟಕ್ಕೆಂದು ಒಂದು ಗುರುತು ಹಾಕಿದ. "ಮುಗೀತು. ಇನ್ನು ನೀವು ತಲೆ ಕೆಡಿಸ್ಕೋಬೇಡಿ."

ಈ ಕಂಪ್ಯೂಟರಿನಲ್ಲಿ ತನ್ನನ್ನು ಕೇಳದೆ ಒಂದು ಕಡ್ಡಿಯನ್ನೂ ಅಲುಗಿಸಕೂಡದು ಎಂದು ಡಾಕ್ಟರಮ್ಮ ಕಾಗದ ಅಂಟಿಸಿದ್ದರು. ಆ ಕಾಗದ ಅವಳ ಕಣ್ಣೆದುರಿಗೇ ಇತ್ತು. ಕೇಳಲು ಹೋದರೆ ಕಣ್ಣಿನ ವಿಷಯ ಬರುತ್ತದೆ. ಸುಮ್ಮನಾದಳು.

ಫೈಲು ತೆರೆದರೆ ಅಚ್ಚುಕಟ್ಟು ಮನೆಗಳು, ಒಂದೊಂದು ಅಂಕಿಗೂ ಒಂದೊಂದು ಕೋಣೆ. ಹೆಬ್ಬೆರಳ ಗಾತ್ರಕ್ಕೆ ಹಿಗ್ಗಿಸಿಕೊಂಡಳು. ಜೀವ ತಂಪಾಯಿತು. ಅರ್ಧ ಗಂಟೆಯಲ್ಲೇ ಒಂದು ಕೊರತೆ ಕಂಡಿತು: ಸೊನ್ನೆಗಳು ಮಾಯ. ಆ ಲೆಕ್ಕದ ಹಾಳೆಗೆ ನಂಬರಿನ ಮುಂದಿನ ಸೊನ್ನೆ ಅಂದರೆ ಲೆಕ್ಕಕ್ಕಿಲ್ಲ, ನುಂಗಿ ನೀರು ಕುಡಿದುಬಿಟ್ಟಿತ್ತು. ಸೊನ್ನೆ ನಾಲ್ಕೂ ನಾಲ್ಕೇ, ಬರೀ ನಾಲ್ಕೂ ನಾಲ್ಕೇ. ಬೇರೆ ಯಾರೇ ಆಗಿದ್ದರೂ ಅಲ್ಲಿಗೇ ನಿಲ್ಲಿಸುತ್ತಿದ್ದರು. ಅವಳು ಒಂದು ಕ್ಷಣ ಯೋಚಿಸಿ ಸಮಾಧಾನ ಹೇಳಿಕೊಂಡಳು. ಟ್ಯೂಬು ಜೋಡಿಸುವವಳು ನಾನೇ, ವಾರ್ಡಿನವು ಮೊದಲು ಇಡುತ್ತೇನೆ, ಅಂದಮೇಲೆ ಮೊದಲು ಬರುವ ನಾಲ್ಕು ವಾರ್ಡಿನದು, ಆಮೇಲೆ ಬರುವ ನಾಲ್ಕು ಹೊರಗಿನದು. ಇದರಲ್ಲೇನು ಮಹಾ?

ಮೂರನೆಯ ದಿನ ಛತ್ರಿ ರಿಪೇರಿಯಾತ ಬಂದ. ಬಸ್ ನಿಲ್ದಾಣದ ಗೋಡೆಗೆ ಒರಗಿಕೊಂಡು ಕೂರುವ ಮುದುಕ. ಬೆಳಗಿನಿಂದ ಹೊಟ್ಟೆಗಿಲ್ಲದೆ ಸಾಲಿನಲ್ಲಿ ನಿಂತು ಮುಖ ಬಿಳಿಚಿಕೊಂಡಿತ್ತು. ಅವಳ ಕರುಳು ಚುರ್ ಎಂದಿತು. ಅವನ ಟ್ಯೂಬನ್ನು ವಾರ್ಡಿನ ಟ್ಯೂಬುಗಳಿಗಿಂತ ಮುಂದಕ್ಕೆ, ಮೊಟ್ಟಮೊದಲ ತೂತಿಗೇ ಸಿಕ್ಕಿಸಿದಳು. ಬೇಗ ಮುಗಿಯಲಿ, ಬೇಗ ಮನೆಗೆ ಹೋಗಲಿ ಪಾಪ ಅಂತ. ಅವಳ ಎಂದಿನ ಅಭ್ಯಾಸ ಅದು. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಜನರನ್ನು ಹಾಗೆ ಮುಂದೆ ಹಾಕಿದ್ದಳೋ. ಆಗ ಸೊನ್ನೆ ಕಾವಲಿತ್ತು, ಅಷ್ಟೇ.

"ಏನೂ ತೊಂದರೆಯಿಲ್ಲ, ಎಲ್ಲಾ ಸರಿಯಾಗಿದೆ" ಎಂದು ರಿಪೋರ್ಟು ಕೊಟ್ಟಳು. ಅವನು ಅದನ್ನು ಕಣ್ಣಿಗೊತ್ತಿಕೊಂಡ. ಗೋಡೆಯ ಮೊಳೆಗೆ ನೇತುಹಾಕಿದ್ದ ಅವಳ ಛತ್ರಿ ನೋಡಿ, "ತಾಯೀ, ಇದರ ಕಡ್ಡಿ ಮುರಿದಿದೆಯಲ್ಲ" ಎಂದು ಅಲ್ಲೇ ಬೆಂಚಿನ ಮೇಲೆ ಕೂತು ಕಡ್ಡಿ ಕಟ್ಟಿ ಹೊಲಿದುಕೊಟ್ಟ. ಹೊರಡುವಾಗ, "ಭಯ ಹೋಯ್ತು ತಾಯೀ. ಎದೆ ಯಾಕೋ ಹಾರ್ತಿತ್ತು" ಅಂದ.

ಅದೇ ಮಧ್ಯಾಹ್ನ ವಾರ್ಡಿನಿಂದ ನರ್ಸು ಫೋನು ಮಾಡಿದಳು. ಸೊನ್ನೆ ನಾಲ್ಕರ ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಅಂತ ರಿಪೋರ್ಟು ಕೊಟ್ಟಿದ್ದೀರಿ, ಮತ್ತೆ ತೆಗೆದು ನೋಡಿದರೆ ಸರಿಯಾಗೇ ಇದೆಯಲ್ಲ? ಟ್ಯೂಬು ಅಲುಗಾಡಿ ರಕ್ತದ ಕಣಗಳು ಒಡೆದರೆ ಹಾಗೆ ಸುಳ್ಳು ಲೆಕ್ಕ ಬರುವುದುಂಟು. ಲ್ಯಾಬಿನವರಿಗೆಲ್ಲ ಗೊತ್ತಿರುವ ಸಂಗತಿ. "ಟ್ಯೂಬು ಅಲುಗಾಡಿರಬೇಕು ಕಣಮ್ಮ. ನೀವೇ ಮೆಟ್ಟಿಲ ಮೇಲೆ ಕುಣಿಸ್ಕೊಂಡು ತಂದಿರ್ತೀರಿ" ಎಂದು ನಂಬರಕ್ಕ ಉಲ್ಟಾ ದಬಾಯಿಸಿದಳು. ನರ್ಸು ಫೋನಿಟ್ಟಳು.

ಒಂಬತ್ತನೆಯ ದಿನ ಭಾವ ಬಂದರು. ಅಕ್ಕನ ಗಂಡ, ಸಿಟಿ ಬಸ್ಸಿನ ಡ್ರೈವರು. ಮೂವತ್ತು ವರ್ಷ ಸ್ಟೀರಿಂಗ್ ಹಿಡಿದ ದೊಡ್ಡ ಕೈಗಳು, ಅದಕ್ಕಿಂತ ದೊಡ್ಡ ಬಾಯಿ. ಎರಡು ವಾರದಿಂದ ಕಾಲು ಸೋಲುತ್ತಿತ್ತು. ಅಕ್ಕ ಅತ್ತು ಕರೆದು ಕಳಿಸಿದ್ದಳು.

"ಏನ್ ನಾದಿನಿ, ನಮಗೂ ಒಂದು ನಂಬರು ಕೊಡ್ತೀಯಾ, ಇಲ್ಲಾ ಮನೆಯವರು ಅಂತ ಹಾಗೇ ಬಿಡ್ತೀಯಾ?"

"ಏಳು, ಭಾವ. ಬಾಯಿ ಮುಚ್ಕೊಂಡು ತೋಳು ಚಾಚಿ."

"ನಿಮ್ಮಕ್ಕನ ಮುಂದೆ ಮುಚ್ಚೋದು ಸಾಲ್ದು ಅಂತ ಇಲ್ಲೂ ಮುಚ್ಚಬೇಕಾ?"

ಒಂದು ಗಂಟೆಗೆ ಅವರ ಬಸ್ಸು ಹೊರಡಬೇಕಿತ್ತು. ರಜೆ ಬರೆದುಕೊಟ್ಟಿದ್ದೇನೆ, ರಿಪೋರ್ಟು ಚೆನ್ನಾಗಿದ್ದರೆ ವಾಪಸು ತಗೋತೀನಿ ಅಂದರು. ಸರಿ, ಭಾವನ ಟ್ಯೂಬು ಮೊಟ್ಟಮೊದಲ ತೂತಿಗೆ ಹೋಯಿತು. ಹನ್ನೊಂದಕ್ಕೆ ಫೈಲು ಬಂತು. ಮೊದಲ ಏಳರ ಮುಂದೆ ಪೊಟ್ಯಾಸಿಯಂ ಆರು ಪಾಯಿಂಟ್ ಒಂಬತ್ತು. ಐದೂವರೆ ದಾಟಿದರೇ ಅಪಾಯ, ಅಷ್ಟಾದರೆ ಹೃದಯ ಹೇಳದೆ ಕೇಳದೆ ನಿಂತುಬಿಡಬಹುದು. ಅಯ್ಯೋ, ವಾರ್ಡಿನ ಸೊನ್ನೆ ಏಳರ ಗತಿಯೇನು ಎಂದು ಗಾಬರಿಬಿದ್ದು ಮೇಲಕ್ಕೆ ಫೋನು ಮಾಡಿದಳು. ಕೆಳಗಿನ ಏಳು ನಾಲ್ಕು ಪಾಯಿಂಟ್ ಎರಡು. ಅದು ಭಾವನದು. ಅವರಿಗೂ ಫೋನು ಮಾಡಿದಳು. "ಕಲ್ಲುಗುಂಡು ಭಾವ ನೀವು. ಆರಾಮಾಗಿ ಡ್ಯೂಟಿಗೆ ಹೋಗಿ."

"ನಾನು ಹೇಳ್ಲಿಲ್ವಾ ನಿಮ್ಮಕ್ಕಂಗೆ? ಹೆಂಗಸ್ರ ಮಾತು ಕೇಳಿ ಒಂದು ರಜೆ ದಂಡ ಆಗ್ತಿತ್ತು" ಎಂದು ಭಾವ ನಕ್ಕರು.

ಹನ್ನೆರಡೂ ಮುಕ್ಕಾಲಿಗೆ ವಾರ್ಡಿನ ಫೋನು. ಅದೇ ನರ್ಸು. "ನಂಬರಕ್ಕಾ, ಸೊನ್ನೆ ಏಳು ಅಜ್ಜಿ ಎದ್ದು ಕೂತು ಊಟ ಸಪ್ಪೆ ಅಂತ ಜಗಳ ಆಡ್ತಿದ್ದಾರೆ. ಎದೆಯ ಇಸಿಜಿ ಪಟ್ಟಿನೂ ಸರಿಯಾಗಿದೆ, ಮತ್ತೆ ತೆಗೆದ ರಕ್ತವೂ ಸರಿಯಾಗಿದೆ. ಈ ಸಲ ನಾನೇ ಟ್ಯೂಬು ಕೈಯಲ್ಲಿ ಹಿಡ್ಕೊಂಡು ಬಂದಿದ್ದು, ಕುಣಿಸಿಲ್ಲ."

ಟ್ಯೂಬು ಅಲುಗಾಡಿರಬೇಕು ಎಂಬ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಹಾಗಾದರೆ ಆರು ಪಾಯಿಂಟ್ ಒಂಬತ್ತು ಯಾರದ್ದು? ರಿಪೇರಿಯವನು ಮಾಡಿದ ಹಾಗೇ ಫೈಲಿನ ಮೇಲೆ ಬಲಗಡೆ ಗುಂಡಿ ಒತ್ತಿ, ಹಳೆಯ ಪ್ರೋಗ್ರಾಮಿನಲ್ಲಿ ತೆರೆದಳು. ಇರುವೆ ಸಾಲು. ಡ್ರಾಯರಿನಿಂದ ಭೂತಗನ್ನಡಿ ತೆಗೆದು ಗಾಜಿಗೆ ಹಿಡಿದಳು. ಫೈಲಿನೊಳಗೆ ಸೊನ್ನೆಗಳು ಇದ್ದಲ್ಲೇ ಇದ್ದವು, ಒಂದೂ ಎಲ್ಲಿಗೂ ಹೋಗಿರಲಿಲ್ಲ. ಮೊದಲ ಸಾಲು, ಬರೀ ಏಳು. ಆರು ಪಾಯಿಂಟ್ ಒಂಬತ್ತು.

ಭಾವನಿಗೆ ಫೋನು ಹಚ್ಚಿದಳು. ಬಡಿದುಕೊಂಡಿತು, ಬಡಿದುಕೊಂಡಿತು, ನಿಂತಿತು. ಸೀಟಿನ ಮೇಲೆ ಕೂರುವ ಮೊದಲು ಫೋನನ್ನು ಊಟದ ಡಬ್ಬಿಯ ಚೀಲಕ್ಕೆ ಹಾಕುವುದು ಭಾವನ ನೇಮ. ಅದನ್ನು ಅವರು ಮನೆಮಂದಿಗೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದರು. ಗಡಿಯಾರ ಒಂದಕ್ಕೆ ಎಂಟು ನಿಮಿಷ ತೋರಿಸುತ್ತಿತ್ತು. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದಳು. ಎರಡು ಸಲ ಎಡವಿದಳು. ಡಾಕ್ಟರಮ್ಮನ ಕೋಣೆಗೆ ನುಗ್ಗಿ, "ಮೇಡಂ, ನನಗೆ ಕಣ್ಣು ಕಾಣಲ್ಲ" ಎಂದಳು. ಅಷ್ಟು ದಿನ ಬಚ್ಚಿಟ್ಟಿದ್ದು ಮೊದಲು ಬಂತು, ಮಿಕ್ಕಿದ್ದೆಲ್ಲ ಅದರ ಹಿಂದೆ ದಬದಬ ಬಿತ್ತು.

ಡಾಕ್ಟರಮ್ಮ ಬೈಯಲಿಲ್ಲ. ಡಿಪೋಗೆ ಫೋನು ಮಾಡಿದರು. ಅಲ್ಲಿಯವರು ಮೈಕಿನಲ್ಲಿ ಕೂಗಿದರು. ಬಸ್ಸು ಗೇಟು ದಾಟುತ್ತಿತ್ತು, ನಲವತ್ತು ಜನ ಹತ್ತಿದ್ದರು. ಕಾವಲಿನವನು ಅಡ್ಡ ಓಡಿ ಕೈಯೆತ್ತಿ ನಿಂತ. ಇಪ್ಪತ್ತು ನಿಮಿಷದಲ್ಲಿ ಭಾವ ಆಸ್ಪತ್ರೆಯಲ್ಲಿದ್ದರು. ಎದೆಗೆ ತಂತಿ ಅಂಟಿಸಿದರೆ ಪಟ್ಟಿಯ ಮೇಲೆ ಗೆರೆಗಳು ಚೂಪಾಗಿ ಗೋಪುರದ ಹಾಗೆ ಎದ್ದು ನಿಂತಿದ್ದವು. ಇಂಜೆಕ್ಷನ್ನು, ಡ್ರಿಪ್ಪು, ಓಡಾಟ. "ಇನ್ನೊಂದು ಗಂಟೆ ತಡವಾಗಿದ್ದರೆ ಹೇಳೋಕಾಗ್ತಿರಲಿಲ್ಲ" ಎಂದು ತುರ್ತು ವಿಭಾಗದ ಡಾಕ್ಟರು ಹೇಳಿ ಹೋದರು. ಮೂರು ಗಂಟೆಗೆ ಗೆರೆಗಳು ತಗ್ಗಿದವು. ಭಾವ ಕಣ್ಣು ಬಿಟ್ಟು, "ಏನ್ ನಾದಿನಿ, ಕಲ್ಲುಗುಂಡು ಅಂದ್ಯಲ್ಲ?" ಎಂದರು.

ಅಕ್ಕ ಓಡಿಬಂದು ತಂಗಿಯ ಎರಡೂ ಕೈ ಹಿಡಿದುಕೊಂಡು ಅತ್ತಳು. "ನೀನಿದ್ದೆ, ಉಳ್ಕೊಂಡ್ರು ಕಣೇ. ನೀನಿಲ್ದೆ ಇದ್ದಿದ್ರೆ ನನ್ನ ಗತಿ?" ನಂಬರಕ್ಕ ಕೈ ಬಿಡಿಸಿಕೊಂಡು ಕೆಳಗೆ ಬಂದಳು.

ಡಾಕ್ಟರಮ್ಮ ಅವಳ ಕುರ್ಚಿಯಲ್ಲಿ ಕೂತಿದ್ದರು. ಕಂಪ್ಯೂಟರನ್ನು ಮತ್ತೆ ಹಳೆಯ ಪ್ರೋಗ್ರಾಮಿಗೇ ತಿರುಗಿಸಿದ್ದರು. ಅರ್ಧ ನಿಮಿಷದ ಕೆಲಸ. ಒಂಬತ್ತೂ ದಿನದ ಫೈಲುಗಳು ತೆರೆದಿದ್ದವು.

"ವಾರ್ಡಿನವು ಮೊದಲು ಹೋಗಿದ್ದ ದಿನ ಎಲ್ಲಾ ಸರಿಯಾಗಿವೆ. ನನಗೊಂದು ಹೇಳಿ. ಈ ಒಂಬತ್ತು ದಿನದಲ್ಲಿ ನಿಮ್ಮ ಭಾವನನ್ನು ಬಿಟ್ಟು ಇನ್ನು ಯಾರನ್ನಾದರೂ ಮುಂದೆ ಹಾಕಿದ್ದಿರಾ?"

ಅವಳು ಮೊಳೆಗೆ ನೇತಾಡುತ್ತಿದ್ದ ಛತ್ರಿಯ ಕಡೆ ನೋಡಿದಳು. ಮುರಿದ ಕಡ್ಡಿಯ ಹತ್ತಿರ ಕರಿಯ ದಾರದ ಹೊಲಿಗೆ, ಒತ್ತೊತ್ತಾಗಿ, ನೀಟಾಗಿ. ಅಷ್ಟು ಮಂಜಿನಲ್ಲೂ ಅದೊಂದು ಅವಳಿಗೆ ಚೆನ್ನಾಗಿ ಕಂಡಿತು. ನೋಟ್‌ಬುಕ್ಕು ತೆಗೆದು ಮೂರನೆಯ ದಿನದ ಪುಟಕ್ಕೆ ಬಂದಳು. ನಾಲ್ಕು. ಪಕ್ಕದಲ್ಲೇ ಫೋನ್ ನಂಬರು.

"ನಾನು ಮಾತಾಡ್ತೀನಿ, ಕೊಡಿ" ಎಂದರು ಡಾಕ್ಟರಮ್ಮ.

"ಬೇಡ ಮೇಡಂ. ನಾನೇ ಮಾಡ್ತೀನಿ."

ಆ ಕಡೆ ಒಬ್ಬ ಹೆಂಗಸು ಎತ್ತಿದಳು. ಛತ್ರಿಯವರು ಇದ್ದಾರಾ ಎಂದು ನಂಬರಕ್ಕ ಕೇಳಿದಳು.

"ನಮ್ಮಪ್ಪನಾ? ನಿಮ್ಮದು ಯಾವ ಛತ್ರಿ ಹೇಳಿ, ಹುಡುಕಿ ಇಟ್ಟಿರ್ತೀನಿ. ಎಲ್ಲರದ್ದೂ ವಾಪಸು ಕೊಡ್ತಾ ಇದ್ದೀವಿ." ಆಕೆಯೇ ಮುಂದುವರಿಸಿದಳು. "ಅಪ್ಪ ಹೋದ ಭಾನುವಾರ ಹೋಗ್ಬಿಟ್ರು. ಕೂತಲ್ಲೇ. ಎದೆ ಹಾರುತ್ತೆ ಅಂತಿದ್ರು, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ ಬಾ ಅಂತ ನಾನೂ ಗೋಗರೆದೆ. ಕೇಳ್ಲಿಲ್ಲ. ರಕ್ತದ ರಿಪೋರ್ಟು ಚೆನ್ನಾಗಿದೆ, ಲ್ಯಾಬಿನ ತಾಯಿ ಬಾಯಿಬಿಟ್ಟು ಹೇಳಿದ್ದಾಳೆ ಅಂತ ಆ ಕಾಗದ ತೋರಿಸ್ತಿದ್ರು. ದಿಂಬಿನ ಕೆಳಗೇ ಇಟ್ಕೊಂಡಿದ್ರು ಅದನ್ನ." ಮೂಗು ಸೀಟಿಕೊಂಡ ಸದ್ದು. "ನೀವು ಯಾರು ಮಾತಾಡ್ತಿರೋದು?"

ಯಂತ್ರ ಗುರುಗುಟ್ಟುತ್ತಿತ್ತು. ಡಾಕ್ಟರಮ್ಮ ಕೈ ಚಾಚಿದರು. ನಂಬರಕ್ಕ ಫೋನು ಕೊಡಲಿಲ್ಲ.

"ಆ ರಿಪೋರ್ಟು ಕೊಟ್ಟವಳು ನಾನಮ್ಮಾ" ಎಂದಳು. "ಅದು ನಿಮ್ಮಪ್ಪಂದಲ್ಲ."