ಕರ್ಪೂರ ಆರಿಸಿದ ಮೇಲೂ ಮುಗಿಯದ ಕೇಸು

“ಕರ್ಪೂರ ಆರ್ಸಿ ಕೈ ಸುಟ್ಕಂಡಿವ್ನಿ ಸ್ವಾಮಿ, ಅದ್ರ ಮ್ಯಾಲೆ ಎಬ್ಬೆಟ್ಟು ಬೇರೆ ಒತ್ಬೇಕಾ?” ಅರವತ್ತರ ದಶಕದಲ್ಲೊಮ್ಮೆ, ಕೊಳ್ಳೇಗಾಲದ ಕೋರ್ಟಿನಲ್ಲಿ ಪುಟ್ಟಮಾದ ಹೀಗೆಂದಾಗ, ಪ್ರತಿವಾದಿಯಾದ ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಬಂಡಳ್ಳಿಯಲ್ಲಿ ನಮ್ಮಿಬ್ಬರ ಹೊಲದ ನಡುವಿನ ಬದುವಿನಲ್ಲಿದ್ದ ಹುಣಸೆಮರ ತನ್ನದೆಂದು ಅವನು ದಾವಾ ಹೂಡಿದ್ದ. ಆಮೇಲೆ ಮಹದೇಶ್ವರ ಬೆಟ್ಟಕ್ಕೆ ನನ್ನನ್ನೂ ಕರೆದೊಯ್ದು, ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ, ಮರ ತನ್ನದೇ ಎಂದು ಪ್ರಮಾಣ ಮಾಡಿದ. ದೇವರ ಮುಂದೆ ಆಡಿದ ಮಾತಿಗೆ ಎದುರು ಹೇಳುವುದುಂಟೇ? ಮರ ಬಿಟ್ಟುಕೊಟ್ಟೆ. ಉಳಿದದ್ದು ರಾಜಿ ಅರ್ಜಿಯೊಂದೇ. ನಾನು ರುಜು ಹಾಕಿದೆ. ಅವನು ಕೈ ಹಿಂದಕ್ಕೆಳೆದುಕೊಂಡ.

ಹೊರಗೆ ಮುಗಿದದ್ದನ್ನು ಕೋರ್ಟಿಗೆ ಬರೆದು ತಿಳಿಸದಿದ್ದರೆ ಕೇಸು ಮುಗಿಯುವುದಿಲ್ಲ ಎಂದು ಅವನ ವಕೀಲರೇ ಗಂಟಲು ಹರಿದುಕೊಂಡರು. “ಈಗ ಒತ್ತಿದ್ರೆ, ಮಾದಪ್ಪನ ಮುಂದೆ ಯೋಳಿದ್ದು ಸಾಲ್ದು ಅಂದಂಗಾಯ್ತದ,” ಎಂದ ಪುಟ್ಟಮಾದ.

ಮತ್ತೆ ವಾಯಿದೆ ಮೇಲೆ ವಾಯಿದೆ. ಜಗಳವೇ ಇಲ್ಲದ ಕೇಸಿಗೆ ವಾದಿ, ಪ್ರತಿವಾದಿ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ, ಕೋರ್ಟಿನ ಜಗಲಿಯಲ್ಲಿ ಕೂತು, ಅವನ ಹೆಂಡತಿ ಕಟ್ಟಿಕೊಟ್ಟ ಹುಳಿಯನ್ನ ತಿನ್ನುತ್ತಿದ್ದೆವು. ಹುಳಿ ಅದೇ ಮರದ್ದು. ಹಾಳಾದ್ದು, ಬಲು ರುಚಿಯಾಗಿರುತ್ತಿತ್ತು.